ಒಂದೇ ಸೆನ್ಸರ್, ಮೂರು ಬೆಲೆ: ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳ ಮಾರುಕಟ್ಟೆ ನಡೆದು ಬಂದ ದಾರಿ

2014ರ ಮೊದಲ ಕೆಲವು ತಿಂಗಳುಗಳಲ್ಲಿ ವೃತ್ತಿನಿರತ ಛಾಯಾಗ್ರಾಹಕರ ಮುಂದೆ ಮೂರು ಹೊಸ ಉಪಕರಣಗಳು ಬಂದವು. ಡೆನ್ಮಾರ್ಕಿನ ಫೇಸ್ ಒನ್ ಕಂಪನಿಯ ಐಕ್ಯೂ250 ಡಿಜಿಟಲ್ ಬ್ಯಾಕ್‌ಗೆ ಸುಮಾರು 35,000 ಡಾಲರ್. ಸ್ವೀಡನ್ನಿನ ಹ್ಯಾಸಲ್‌ಬ್ಲಾಡ್ ಎಚ್5ಡಿ-50ಸಿಗೆ ಸುಮಾರು 27,500 ಡಾಲರ್. ಜಪಾನಿನ ಪೆಂಟಾಕ್ಸ್ 645ಝಡ್‌ಗೆ ಸುಮಾರು 8,500 ಡಾಲರ್. ಬೆಲೆಯಲ್ಲಿ ನಾಲ್ಕು ಪಟ್ಟು ಅಂತರವಿದ್ದ ಈ ಮೂರರ ಹೊಟ್ಟೆಯಲ್ಲೂ ಇದ್ದದ್ದು ಸೋನಿ ತಯಾರಿಸಿದ ಒಂದೇ ಬಗೆಯ ಸೆನ್ಸರ್: 44×33 ಮಿ.ಮೀ. ಅಳತೆ, ಐದು ಕೋಟಿಗೂ ಹೆಚ್ಚು ಪಿಕ್ಸೆಲ್.

ಈ ಉದ್ಯಮದ ಕಥೆಯನ್ನು ಆ ವರ್ಷದಿಂದ ಹಿಂದಕ್ಕೂ ಮುಂದಕ್ಕೂ ಓದಬೇಕು. ಅಲ್ಲಿಯವರೆಗೆ ಒಳ್ಳೆಯ ಸೆನ್ಸರ್ ಯಾರ ಕೈಯಲ್ಲಿದೆಯೋ ಅವರದೇ ಮಾರುಕಟ್ಟೆ. ಅಲ್ಲಿಂದಾಚೆಗೆ ಸೆನ್ಸರ್ ಎಲ್ಲರಿಗೂ ಸಿಗುವ ಸರಕಾಯಿತು. ಅದರ ಸುತ್ತ ಏನು ಕಟ್ಟುತ್ತೀರಿ ಎನ್ನುವುದೇ ವ್ಯಾಪಾರವಾಯಿತು.

ಮೀಡಿಯಂ ಫಾರ್ಮ್ಯಾಟ್ ಎಂಬುದು ಫಿಲ್ಮ್ ಕಾಲದ ಹೆಸರು. 35 ಮಿ.ಮೀ. ಫಿಲ್ಮಿನ ಚೌಕಟ್ಟು 36×24 ಮಿ.ಮೀ. ಆದರೆ 120 ರೋಲಿನಲ್ಲಿ 6×4.5 ಅಥವಾ 6×6 ಸೆಂ.ಮೀ. ಚಿತ್ರ ಬೀಳುತ್ತಿತ್ತು. ಮದುವೆ, ಜಾಹೀರಾತು, ಫ್ಯಾಷನ್ ಕೆಲಸಕ್ಕೆ ಜಗತ್ತಿನಾದ್ಯಂತ ಇದೇ ಆಧಾರ. 1969ರಲ್ಲಿ ಚಂದ್ರನ ನೆಲದ ಮೇಲೆ ಚಿತ್ರ ತೆಗೆದದ್ದೂ ಹ್ಯಾಸಲ್‌ಬ್ಲಾಡ್ ಕ್ಯಾಮೆರಾವೇ.

1990ರ ದಶಕದ ಆರಂಭದಲ್ಲಿ ಲೀಫ್ ಕಂಪನಿ ಫಿಲ್ಮಿನ ಡಬ್ಬಿ ಕೂರುವ ಜಾಗಕ್ಕೆ ಡಿಜಿಟಲ್ ಬ್ಯಾಕ್ ಒಂದನ್ನು ಕೂರಿಸಿತು. ಅದರಲ್ಲಿ ಇದ್ದದ್ದು ನಲವತ್ತು ಲಕ್ಷ ಪಿಕ್ಸೆಲ್. ಕೆಂಪು, ಹಸಿರು, ನೀಲಿ ಗಾಜುಗಳ ಮೂಲಕ ಮೂರು ಸಲ ತೆಗೆದು ಕೂಡಿಸಿದರೆ ಮಾತ್ರ ಒಂದು ಬಣ್ಣದ ಚಿತ್ರ. ಹೀಗಾಗಿ ಅಲುಗಾಡದ ವಸ್ತುಗಳಿಗಷ್ಟೇ ಅದು ಯೋಗ್ಯ. ಕೇಬಲ್ ಎಳೆದು ಕಂಪ್ಯೂಟರಿಗೆ ಕಟ್ಟಿಹಾಕದೆ ಅದು ಕೆಲಸವನ್ನೂ ಮಾಡುತ್ತಿರಲಿಲ್ಲ. ಆದರೂ ಕ್ಯಾಟಲಾಗ್ ಸ್ಟುಡಿಯೊಗಳು ಕೊಂಡವು. ಫಿಲ್ಮ್ ಮತ್ತು ಸಂಸ್ಕರಣೆಗೆ ಸುರಿಯುತ್ತಿದ್ದ ಹಣ ಅಲ್ಲಿ ಉಳಿಯುತ್ತಿತ್ತು. ಮೊದಲ ಮಾರಾಟಸೂತ್ರ ಹುಟ್ಟಿದ್ದು ಇಲ್ಲೇ: ಬೆಲೆ ಎಷ್ಟೇ ಇರಲಿ, ಉಳಿತಾಯದ ಲೆಕ್ಕ ತೋರಿಸು.

ಮುಂದಿನ ಇಪ್ಪತ್ತು ವರ್ಷ ಸಿಸಿಡಿ ಎಂಬ ಬಗೆಯ ಸೆನ್ಸರ್‌ಗಳ ಕಾಲ. ಅವುಗಳನ್ನು ಮುಖ್ಯವಾಗಿ ಕೊಡಾಕ್ ಮತ್ತು ಡಾಲ್ಸಾ ತಯಾರಿಸುತ್ತಿದ್ದವು. 2.2 ಕೋಟಿ, 3.9 ಕೋಟಿ, 2008ರಲ್ಲಿ ಫೇಸ್ ಒನ್ ಪಿ65+ ಮೂಲಕ 6 ಕೋಟಿ ಪಿಕ್ಸೆಲ್ ಎಂದು ಅಂಕಿ ಏರುತ್ತಲೇ ಹೋಯಿತು. ಪ್ರತಿ ಏರಿಕೆಗೂ ಹಳೆಯ ಬ್ಯಾಕ್ ಕೊಟ್ಟು ಹೊಸದನ್ನು ಪಡೆಯುವ ವಿನಿಮಯ ಯೋಜನೆ ಇರುತ್ತಿತ್ತು. ಗ್ರಾಹಕ ಒಮ್ಮೆ ಒಳಗೆ ಬಂದರೆ ಹೊರಗೆ ಹೋಗುವುದು ಕಷ್ಟವಾಗಿತ್ತು.

ಆ ಬಾಗಿಲಿಗೆ ಬೀಗ ಜಡಿದದ್ದು ಹ್ಯಾಸಲ್‌ಬ್ಲಾಡ್. ಫ್ಯೂಜಿಫಿಲ್ಮ್ ಜೊತೆ ಸೇರಿ 2002ರಲ್ಲಿ ತಂದ ಎಚ್1 ಕ್ಯಾಮೆರಾಕ್ಕೆ ಬೇರೆಯವರ ಬ್ಯಾಕ್‌ಗಳೂ ಹೊಂದುತ್ತಿದ್ದವು. 2006ರಲ್ಲಿ ಪ್ರಕಟವಾದ ಎಚ್3ಡಿಯಲ್ಲಿ ಆ ಅವಕಾಶ ಮುಚ್ಚಿತು. ಕ್ಯಾಮೆರಾ, ಬ್ಯಾಕ್, ತಂತ್ರಾಂಶ ಮೂರೂ ಒಂದೇ ಮನೆಯವು. ಫೇಸ್ ಒನ್ ಮಾಮಿಯಾ ಜೊತೆ ಕೈಜೋಡಿಸಿ 2008ರಲ್ಲಿ ತನ್ನದೇ ಹೆಸರಿನ 645 ಕ್ಯಾಮೆರಾ ಹೊರತಂದಿತು. ಸೆನ್ಸರ್ ಹೊರಗಿನಿಂದ ಬರುತ್ತಿದ್ದ ಕಾರಣಕ್ಕೇ ಇಬ್ಬರಿಗೂ ಉಳಿದದ್ದನ್ನೆಲ್ಲ ತಮ್ಮ ಹಿಡಿತದಲ್ಲಿಟ್ಟುಕೊಳ್ಳುವ ಅಗತ್ಯವಿತ್ತು.

ಸೆನ್ಸರ್ ಅಷ್ಟು ದುಬಾರಿ ಯಾಕೆ? ಶಂಕರಪೋಳಿಗೆ ಹಿಟ್ಟು ಲಟ್ಟಿಸಿ ಕತ್ತರಿಸುವುದನ್ನು ನೆನೆಯಿರಿ. ದುಂಡಗಿನ ಹಾಳೆಯಲ್ಲಿ ಅಲ್ಲಲ್ಲಿ ನಾಲ್ಕು ಹರಳು ಸಿಕ್ಕಿವೆ ಎಂದುಕೊಳ್ಳೋಣ. ಸಣ್ಣಸಣ್ಣ ಚೌಕ ಕತ್ತರಿಸಿದರೆ ನೂರರಲ್ಲಿ ನಾಲ್ಕು ಮಾತ್ರ ಹಾಳು. ಅದೇ ಹಾಳೆಯಿಂದ ಎಂಟೇ ದೊಡ್ಡ ತುಂಡು ತೆಗೆದರೆ ಅರ್ಧ ತಿಪ್ಪೆಗೆ. ದುಂಡನೆಯ ಅಂಚಿನಲ್ಲಿ ಉಳಿಯುವ ಚೂರೂ ಹೆಚ್ಚು. ಸಿಲಿಕಾನ್ ಬಿಲ್ಲೆಯ ಲೆಕ್ಕವೂ ಹೀಗೆಯೇ. 44×33 ಮಿ.ಮೀ. ಸೆನ್ಸರ್ 36×24ರ ಸಾಮಾನ್ಯ ಫುಲ್ ಫ್ರೇಮ್‌ಗಿಂತ ಸುಮಾರು 1.7 ಪಟ್ಟು, 54×40ರದ್ದು ಸುಮಾರು 2.5 ಪಟ್ಟು ದೊಡ್ಡದು. ಆದರೆ ಖರ್ಚು ಅದಕ್ಕಿಂತ ವೇಗವಾಗಿ ಏರುತ್ತದೆ. ಮೇಲಾಗಿ ಕೊಳ್ಳುವವರು ಕಡಿಮೆ, ವಿನ್ಯಾಸದ ವೆಚ್ಚ ಕೆಲವೇ ತುಂಡುಗಳ ಮೇಲೆ ಬೀಳುತ್ತದೆ.

ಈ ಲೆಕ್ಕವನ್ನು ಮುರಿಯುವ ಶಕ್ತಿ ಇದ್ದದ್ದು ಸೋನಿಗೆ. ಫೋನುಗಳಿಂದ ಹಿಡಿದು ಎಲ್ಲ ಬಗೆಯ ಕ್ಯಾಮೆರಾಗಳಿಗೂ ಸಿಮಾಸ್ ಎಂಬ ಇನ್ನೊಂದು ಬಗೆಯ ಸೆನ್ಸರ್ ತಯಾರಿಸುತ್ತಿದ್ದ ಕಂಪನಿಗೆ ಸಂಶೋಧನೆಯ ಖರ್ಚು ಬೇರೆ ಕಡೆಯಿಂದಲೇ ಬರುತ್ತಿತ್ತು. ಇತ್ತ ಕೊಡಾಕ್ 2011ರಲ್ಲಿ ಸೆನ್ಸರ್ ವಿಭಾಗವನ್ನು ಮಾರಿ, 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಗುಣದಲ್ಲೂ ಸಿಮಾಸ್ ಮುಂದಿತ್ತು. ಬೆಳಕಿನ ಸಂವೇದನೆಯ ಅಳತೆಯಾದ ಐಎಸ್‌ಒದಲ್ಲಿ ಸಿಸಿಡಿ ಬ್ಯಾಕ್‌ಗಳು ಸಾಮಾನ್ಯವಾಗಿ 800ಕ್ಕೆ ಏದುಸಿರು ಬಿಡುತ್ತಿದ್ದರೆ ಸಿಮಾಸ್ ಸೆನ್ಸರಿನ ಐಕ್ಯೂ250 6400ರವರೆಗೆ ಹೋಯಿತು. ಸ್ಟುಡಿಯೊದ ದೀಪಗಳಿಗೆ ಅಂಟಿಕೊಂಡಿದ್ದ ಮೀಡಿಯಂ ಫಾರ್ಮ್ಯಾಟ್ ಸಂಜೆಯ ಬೆಳಕಿಗೂ ಬಂತು.

ಸೆನ್ಸರ್ ಒಂದೇ ಆದಮೇಲೆ ದಾರಿಗಳು ಕವಲೊಡೆದವು. ಹ್ಯಾಸಲ್‌ಬ್ಲಾಡ್ 2016ರಲ್ಲಿ ಕನ್ನಡಿಯಿಲ್ಲದ, ಕೈಗೆ ಹಗುರವಾದ ಎಕ್ಸ್1ಡಿಯನ್ನು 8,995 ಡಾಲರಿಗೆ ತಂದಿತು. ಷಟರನ್ನು ಲೆನ್ಸಿನೊಳಗೇ ಇಟ್ಟು, 1/2000 ಸೆಕೆಂಡಿನಲ್ಲೂ ಫ್ಲ್ಯಾಷ್ ಬಳಸುವ ಅನುಕೂಲ ಕೊಟ್ಟಿತು. ಬಿರುಬಿಸಿಲಲ್ಲಿ ಮಾಡೆಲ್‌ಗೆ ಫ್ಲ್ಯಾಷ್ ಹಾಕುವವರಿಗೆ ಇದರ ಬೆಲೆ ಗೊತ್ತು. 2017ರಲ್ಲಿ 6,499 ಡಾಲರಿಗೆ ಬಂದ ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ 50ಎಸ್‌ನಲ್ಲಿ ಷಟರ್ ಕ್ಯಾಮೆರಾದೊಳಗೆ, ಫ್ಲ್ಯಾಷ್ ಮಿತಿ 1/125 ಸೆಕೆಂಡ್. ಬದಲಿಗೆ ಬೆಲೆ ಇಳಿಯಿತು.

ಎಲ್ಲರಿಗಿಂತ ಧೈರ್ಯದ ಲೆಕ್ಕ ಫ್ಯೂಜಿಯದು. ಕ್ಯಾನನ್, ನಿಕಾನ್, ಸೋನಿ ಕಾದಾಡುತ್ತಿದ್ದ ಫುಲ್ ಫ್ರೇಮ್ ಅಖಾಡಕ್ಕೆ ಅದು ಇಳಿಯಲೇ ಇಲ್ಲ. ಕೆಳಗೆ ಸಣ್ಣ ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾಗಳು, ಮೇಲೆ ಅದರ ಸುಮಾರು ನಾಲ್ಕು ಪಟ್ಟು ವಿಸ್ತೀರ್ಣದ ಜಿಎಫ್‌ಎಕ್ಸ್; ನಡುವಿನ ಮೆಟ್ಟಿಲನ್ನು ಬೇಕೆಂದೇ ಖಾಲಿ ಬಿಟ್ಟಿತು. 2019ರಲ್ಲಿ 10.2 ಕೋಟಿ ಪಿಕ್ಸೆಲ್‌ನ ಜಿಎಫ್‌ಎಕ್ಸ್ 100 ಬಂದಾಗ ಬೆಲೆ 9,999 ಡಾಲರ್. 2021ರಲ್ಲಿ ಜಿಎಫ್‌ಎಕ್ಸ್ 100ಎಸ್‌ಗೆ 5,999. ಅದೇ ವರ್ಷದ 50ಎಸ್ 2ಕ್ಕೆ 3,999. 2014ರ ಆ ಸೆನ್ಸರಿನ ವಂಶವೇ ಏಳು ವರ್ಷದಲ್ಲಿ ಐಕ್ಯೂ250ರ ಬೆಲೆಯ ಸುಮಾರು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು.

ಜಿಎಫ್‌ಎಕ್ಸ್ 100 ಸೇರಿದ ಹೊಸ ಪೀಳಿಗೆಯಲ್ಲಿ ಸೆನ್ಸರ್‌ಗಳ ರಕ್ತಸಂಬಂಧ ಇನ್ನೂ ನಿಚ್ಚಳ. ಫ್ಯೂಜಿ ಎಕ್ಸ್-ಟಿ3ಯ 2.6 ಕೋಟಿ, ಸೋನಿ ಎ7ಆರ್4ರ 6.1 ಕೋಟಿ, ಜಿಎಫ್‌ಎಕ್ಸ್ 100ರ 10.2 ಕೋಟಿ, ಫೇಸ್ ಒನ್ ಐಕ್ಯೂ4ರ 15.1 ಕೋಟಿ: ನಾಲ್ಕರಲ್ಲೂ ಪಿಕ್ಸೆಲ್ಲಿನ ಅಗಲ ಸುಮಾರು 3.76 ಮೈಕ್ರೋಮೀಟರ್. ತುಂಡು ಮಾತ್ರ ಚಿಕ್ಕದು, ದೊಡ್ಡದು.

ಬೆಲೆಯ ಈ ಓಟದಲ್ಲಿ ಫೇಸ್ ಒನ್ ಕೆಳಗಿಳಿಯದೆ ಮೇಲಕ್ಕೂ ಪಕ್ಕಕ್ಕೂ ಸರಿಯಿತು. 54×40ರ ದೊಡ್ಡ ಸೆನ್ಸರನ್ನೇ ಹಿಡಿದು, ವಿಮಾನದಿಂದ ಭೂಮಾಪನ, ಕಾರ್ಖಾನೆಗಳ ತಪಾಸಣೆ, ಹಸ್ತಪ್ರತಿ ಮತ್ತು ಕಲಾಕೃತಿಗಳ ಡಿಜಿಟಲೀಕರಣದ ಕಡೆ ಹೊರಳಿತು. ಅಂಥ ಕೆಲಸದಲ್ಲಿ ಪ್ರತಿ ಪಿಕ್ಸೆಲ್ಲಿಗೂ ದುಡಿಮೆ ಇದೆ. ಈ ಕ್ಷೇತ್ರದಲ್ಲಿ ಫೇಸ್ ಒನ್ ಒಂಟಿಯೂ ಅಲ್ಲ: ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ರೆಂಬ್ರಾಂಟನ ‘ನೈಟ್ ವಾಚ್’ ಚಿತ್ರವನ್ನು ಹ್ಯಾಸಲ್‌ಬ್ಲಾಡ್ ಎಚ್6ಡಿ ಕ್ಯಾಮೆರಾದಿಂದ 8,439 ತುಣುಕುಗಳಾಗಿ ತೆಗೆದು, ಜೋಡಿಸಿ, 717 ಗಿಗಾಪಿಕ್ಸೆಲ್ ಚಿತ್ರವಾಗಿ 2022ರಲ್ಲಿ ಪ್ರಕಟಿಸಿತು. ಅದರಲ್ಲಿ ಎರಡು ಪಿಕ್ಸೆಲ್‌ಗಳ ನಡುವಿನ ಅಂತರ ಐದು ಮೈಕ್ರೋಮೀಟರ್, ರಕ್ತದ ಕೆಂಪು ಕಣಕ್ಕಿಂತ ಕಿರಿದು. ಬಣ್ಣದ ಪದರ ಎಲ್ಲಿ ಸವೆಯುತ್ತಿದೆ ಎಂದು ಸಂರಕ್ಷಕರು ಇಂಥ ಚಿತ್ರಗಳಲ್ಲೇ ಹುಡುಕುತ್ತಾರೆ.

ಛಾಯಾಗ್ರಾಹಕರಿಗೆ ಈ ಬದಲಾವಣೆಯಿಂದ ಒಳಿತಾಗಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಿಂದೆ ದಿನದ ಬಾಡಿಗೆಗೆ ತರಬೇಕಿದ್ದ ಚಿತ್ರಗುಣ ಇಂದು ಒಬ್ಬರ ಚೀಲದಲ್ಲಿದೆ. ಆದರೆ ಕೊಡಾಕ್, ಡಾಲ್ಸಾ ಎಂದು ಇದ್ದ ಜಾಗದಲ್ಲಿ ಈಗ ಬಹುಪಾಲು ಒಬ್ಬನೇ ಸೆನ್ಸರ್ ಪೂರೈಕೆದಾರ. ಅವನ ಪಟ್ಟಿಯಲ್ಲಿ ಇಲ್ಲದ ಸೆನ್ಸರ್ ಈ ಕ್ಯಾಮೆರಾಗಳಲ್ಲೂ ಇರುವುದಿಲ್ಲ. ಹೊಸ ಕ್ಯಾಮೆರಾ ಕೊಳ್ಳುವವರು ಪಿಕ್ಸೆಲ್ ಎಣಿಸುವುದಕ್ಕಿಂತ ಲೆನ್ಸುಗಳ ಸಾಲು, ಷಟರಿನ ಬಗೆ, ತಂತ್ರಾಂಶ, ಊರಿನಲ್ಲಿ ಸಿಗುವ ರಿಪೇರಿ ಇವನ್ನು ನೋಡುವುದು ಲೇಸು. 2014ರಲ್ಲಿ 35,000 ಕೊಟ್ಟವರಿಗೂ 8,500 ಕೊಟ್ಟವರಿಗೂ ಸಿಕ್ಕಿದ್ದು ಒಂದೇ ಸೆನ್ಸರ್. ಬೆಲೆಯ ಅಂತರ ಇದ್ದದ್ದು ಅದರ ಸುತ್ತಲಿನ ಉಳಿದೆಲ್ಲದರಲ್ಲಿ.