ಗೌರಿ ಬಾಗಿನದ ಮೊರವೂ ಮೇದರ ಕೇರಿಯೂ

ಭಾದ್ರಪದದ ತದಿಗೆ ಹತ್ತಿರವಾಗುತ್ತಿದ್ದಂತೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಸೀಮೆಯಲ್ಲಿ ಬಿದಿರಿನ ಹೊಸ ಮೊರಕ್ಕೆ ಎಲ್ಲಿಲ್ಲದ ಬೇಡಿಕೆ ಬರುತ್ತದೆ. ಗೌರಿ ಹಬ್ಬದಲ್ಲಿ ತವರಿನವರು ಮಗಳಿಗೆ, ಮುತ್ತೈದೆಯರು ಒಬ್ಬರಿಗೊಬ್ಬರು ಕೊಡುವ ಬಾಗಿನಕ್ಕೆ ಮೊರ ಜೋಡಿಯಾಗಿಯೇ ಬೇಕು. ಒಂದರಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಬಿಚ್ಚೋಲೆ, ರವಿಕೆ ಕಣ. ಅದರ ಮೇಲೆ ಮುಚ್ಚಲು ಇನ್ನೊಂದು. ಬಳಸಿದ ಮೊರ ಬಾಗಿನಕ್ಕೆ ಸಲ್ಲದು. ಕೈಕೆಲಸ ಉಳಿಯಬೇಕಾದರೆ ಅರಸನ ಆಶ್ರಯವೋ ಸರ್ಕಾರದ ಮಳಿಗೆಯೋ ಬೇಕೆಂದು ಹೇಳುವುದು ರೂಢಿ. ಈ ಭಾಗದ ಬಿದಿರು ಕೆಲಸದ ಇತಿಹಾಸ ನೋಡಿದರೆ ನನಗೆ ತೋರುವುದೇ ಬೇರೆ: ಬಡವರೂ ಕೊಳ್ಳಬಲ್ಲ, ವರ್ಷವರ್ಷವೂ ಹೊಸದಾಗಿಯೇ ಕೊಳ್ಳಬೇಕಾದ ಈ ಹಬ್ಬದ ಉಡುಗೊರೆಯೇ ಅದನ್ನು ಕಾಪಾಡಿಕೊಂಡು ಬಂದಿದೆ.

ಬಿದಿರು ಸೀಳಿ ಹೆಣೆಯುವ ಕಸುಬು ಎಷ್ಟು ಹಳೆಯದೆನ್ನಲು 12ನೇ ಶತಮಾನದ ಶರಣ ಮೇದಾರ ಕೇತಯ್ಯನೊಬ್ಬನ ಹೆಸರು ಸಾಕು. ಊರುಗಳಲ್ಲಿ ಮೇದರು, ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಬೆಟ್ಟಕುರುಬರು ಇದನ್ನು ಮಾಡಿಕೊಂಡು ಬಂದರು. ಒಕ್ಕಲುತನದ ಮನೆಗೆ ಮೊರ, ಕುಕ್ಕೆ, ಮಂಕರಿ, ಹೆಡಿಗೆ, ತಟ್ಟಿ ಇಲ್ಲದೆ ಒಂದು ದಿನವೂ ಸಾಗುತ್ತಿರಲಿಲ್ಲ. ಆ ಕಾಲದಲ್ಲಿ ಅಡುಗೆಮನೆ ಮತ್ತು ಕಣಗಳೇ ಮೇದರ ಹೊಟ್ಟೆ ಹೊರೆಯುತ್ತಿದ್ದವು, ಗೌರಿಯದು ಮೇಲುಸಂಪಾದನೆ. ಗಿರಣಿ ಬಂತು, ಕೇರಿ ಶುಚಿಮಾಡಿದ ಅಕ್ಕಿಯ ಚೀಲ ಬಂತು, ಪ್ಲಾಸ್ಟಿಕ್ ಬುಟ್ಟಿ ಬಂತು. ಕೇರುವ ಕೆಲಸವೇ ಅನೇಕ ಮನೆಗಳಿಂದ ಹೊರಟುಹೋಯಿತು. ಆದರೂ ಮೊರ ಹೋಗಲಿಲ್ಲ, ಏಕೆಂದರೆ ಅಕ್ಕಿ ಕೇರದ ಮನೆಯೂ ಬಾಗಿನ ಬಿಡಲಿಲ್ಲ. ಇದಕ್ಕೆ ಎದುರಾಗಿ ಹುಣಸೂರಿನ ಇನ್ನೊಂದು ಕಥೆಯನ್ನಿಡಬಹುದು. 19ನೇ ಶತಮಾನದಲ್ಲಿ ಅಮೃತಮಹಲ್ ದನಗಳ ಕೇಂದ್ರವಾಗಿದ್ದ ಆ ಊರಿನಲ್ಲಿ ಸರ್ಕಾರವೇ ಚರ್ಮ ಹದಮಾಡುವ ಮತ್ತು ಕಂಬಳಿ ನೇಯುವ ಕಾರ್ಖಾನೆಗಳನ್ನು ನಡೆಸಿತ್ತು. ಅವು ಮುಚ್ಚಿದ ಮೇಲೂ ಅಲ್ಲಿಯ ಕೆಲಸಗಾರರ ಬೂಟು, ಕಂಬಳಿ, ಗಾಡಿಗಳು ಚೆನ್ನಾಗಿದ್ದವೆಂದು ಹಳೆಯ ಗೆಜೆಟಿಯರ್‌ಗಳು ಹೊಗಳಿವೆ. ಇಂದು ಹುಣಸೂರೆಂದರೆ ನೆನಪಾಗುವುದು ಹೊಗೆಸೊಪ್ಪು ಮತ್ತು ಮರ. ಕುಶಲತೆ ಇದ್ದೂ ದೊಡ್ಡ ಗಿರಾಕಿ ಹೋದಾಗ ಆ ಕಸುಬುಗಳಿಗೆ ಹಿಂದೆ ನಿಲ್ಲುವವರು ಸಿಗಲಿಲ್ಲ. ಮೊರಕ್ಕೆ ಮನೆಮನೆಯಲ್ಲೂ ಒಬ್ಬ ಗಿರಾಕಿ ಇದ್ದಳು.

ಹಾಗಾದರೆ ಮೇದರ ಕೇರಿಗಳು ಏಕೆ ಬಡವಾದವು ಎಂದು ಕೇಳುವುದು ನ್ಯಾಯವೇ. ಕೊಳ್ಳುವವರು ಇಲ್ಲದೆ ಅಲ್ಲ, ಬಿದಿರು ಕೈತಪ್ಪಿದ್ದರಿಂದ. 1958ರಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ರಾಜ್ಯದ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಯಿತೆಂದೂ, ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಅದರ ಸಾವಿರಾರು ಪಟ್ಟು ತೆರಬೇಕಿತ್ತೆಂದೂ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಬರೆದಿದ್ದಾರೆ. ಅದು ಉತ್ತರ ಕನ್ನಡದ ಮಾತಾದರೂ ಕಾಡಿನ ಬಿದಿರು ಯಾರ ಪಾಲು ಎಂಬ ಸರ್ಕಾರದ ಎಣಿಕೆ ಅದರಲ್ಲಿ ಸ್ಪಷ್ಟವಾಗಿದೆ. ಇತ್ತ 1972ರ ವನ್ಯಜೀವಿ ಕಾಯ್ದೆಯ ನಂತರ ನಾಗರಹೊಳೆ, ಬಂಡೀಪುರದ ಕಾಡು ಬಿಗಿಯಾಯಿತು. 1974ರಲ್ಲಿ ಮುಗಿದ ಕಬಿನಿ ಜಲಾಶಯ ಕಾಕನಕೋಟೆಯ ಒಂದಷ್ಟು ಕಾಡನ್ನೇ ನುಂಗಿತು. 2010ರ ಈಚೆಗೆ ಈ ಕಾಡುಗಳ ಹೆಬ್ಬಿದಿರು ಹೂಬಿಟ್ಟು, ಬಿದಿರಕ್ಕಿ ಉದುರಿಸಿ, ಮೆಳೆಮೆಳೆಯಾಗಿ ಒಣಗಿತು. ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಒಪ್ಪಿ ಅರಣ್ಯವಾಸಿಗಳಿಗೆ ಹಕ್ಕು ಕೊಡುವ ಕಾಯ್ದೆ 2006ರಲ್ಲಿ ಬಂದಿತು. ಪೇಟೆಯ ಮೇದರಿಗೆ ಅದರಿಂದ ನೇರವಾಗಿ ದಕ್ಕಿದ್ದು ಕಡಿಮೆ. ಹಬ್ಬದ ಖರೀದಿ ಬಿದಿರು ಬೆಳೆಸಲಾರದು ಎಂಬುದನ್ನು ಒಪ್ಪಲೇಬೇಕು. ಆದರೆ ಆ ಖರೀದಿಯೂ ಇಲ್ಲದಿದ್ದರೆ ಬಿದಿರು ಮತ್ತೆ ಚಿಗುರುವ ಹೊತ್ತಿಗೆ ಎಳೆ ತೆಗೆಯಬಲ್ಲ ಕೈಗಳೇ ಇರುತ್ತಿರಲಿಲ್ಲ.

ಅಗ್ಗದ ವಸ್ತುವನ್ನು ಹೊಗಳುವುದೆಂದರೆ ಕೆಲಸಗಾರರ ಬಡತನವನ್ನು ಹೊಗಳಿದಂತೆ ಎಂಬ ಆಕ್ಷೇಪಕ್ಕೆ ತೂಕವಿದೆ. ಕೈಗೆಟುಕುವ ಬೆಲೆ ಬೇರೆ, ಚೌಕಾಸಿ ಮಾಡಿ ಇಳಿಸಿದ ಬೆಲೆ ಬೇರೆ. ಬಾಗಿನದ ರವಿಕೆ ಕಣಕ್ಕೆ ಅಂಗಡಿಯವನು ಹೇಳಿದಷ್ಟು ಕೊಟ್ಟು, ಮೊರದ ಜೋಡಿಗೆ ಹತ್ತು ರೂಪಾಯಿ ಬಿಡಿಸಿಕೊಳ್ಳಲು ಬೀದಿಯಲ್ಲಿ ನಿಲ್ಲುವುದು ಅನ್ಯಾಯ; ಅದು ಪದ್ಧತಿಯ ತಪ್ಪಲ್ಲ, ಕೊಳ್ಳುವವರದು. ಮೊರ ಸಾಮಾನೇ ಹೊರತು ಕಲೆಯಲ್ಲ ಎನ್ನುವವರು ಅದರ ಬಾಗಿದ ಬೆನ್ನನ್ನೂ ಕಾಳು ಜಾರದಂತೆ ಒತ್ತಾಗಿ ಕೂಡಿಸಿದ ಎಳೆಗಳನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಇನ್ನು ಬಾಗಿನ ವಿಧವೆಯರನ್ನು ಹೊರಗಿಡುತ್ತದೆ ಎಂಬ ಮಾತು ಇದೆಲ್ಲಕ್ಕಿಂತ ಗಂಭೀರವಾದದ್ದು, ಮತ್ತು ನಿಜ. ಆದರೆ ಆ ಕಟ್ಟು ಮೊರಕ್ಕೆ ಅಂಟಿಕೊಂಡದ್ದಲ್ಲ. ಕೆ.ಆರ್.ಎಸ್., ಕಬಿನಿ ತುಂಬಿದಾಗ ಮುಖ್ಯಮಂತ್ರಿಗಳು ಅದೇ ಮೊರದ ಬಾಗಿನವನ್ನು ನೀರಿಗೆ ಅರ್ಪಿಸುತ್ತಾರೆ. ಹೆಂಗಸರ ನಡುವಿನ ಕೊಡುಗೆ ಊರಿನ ಆಚರಣೆಯಾಗಿ ಹಿಗ್ಗಲು ಶಾಸ್ತ್ರ ಅಡ್ಡ ಬರಲಿಲ್ಲ. ಗಂಡನನ್ನು ಕಳೆದುಕೊಂಡ ಅಕ್ಕನಿಗೂ, ಮೊರ ಹೆಣೆದು ತಂದ ಹೆಣ್ಣುಮಗಳಿಗೂ ಒಂದು ಜೋಡಿ ಬಾಗಿನ ಸಲ್ಲಲಿ. ಕೇರಿಗೆ ಅಷ್ಟು ಕೆಲಸವೂ ಹೆಚ್ಚಾಗುತ್ತದೆ.