ದ್ರಾಕ್ಷಿಯ ಬಳ್ಳಿಯೂ ನೆಲದ ಹೆಸರೂ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ಬಲಿಪೀಠದ ಮೇಲಣ ದ್ರಾಕ್ಷಾರಸದ ಕಡೆಗೆ ವಾಚಕರ ಗಮನವನ್ನು ಸೆಳೆಯಬಯಸುತ್ತೇವೆ. ಆ ರಸವು ದ್ರಾಕ್ಷಿ ಹಣ್ಣಿನಿಂದಲೇ ಆದುದೂ, ಸ್ವಾಭಾವಿಕವೂ, ಕೆಡದುದೂ ಆಗಿರತಕ್ಕದ್ದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿಯು ಆಜ್ಞಾಪಿಸುತ್ತದೆ. ಹಣ್ಣು ಶುದ್ಧವೇ ಎಂದು ಪೀಠವು ಕೇಳುತ್ತದೆ. ಅದು ಯಾವ ನೆಲದ್ದು, ಯಾರ ಬೆವರಿನದು ಎಂಬುದನ್ನು ನಾವೇ ಕೇಳಿಕೊಳ್ಳಬೇಕು.

ಗೋಕಾಕ, ಮೂಡಲಗಿ, ಹುಕ್ಕೇರಿಗಳು ಘಟಪ್ರಭೆಯ ಮಕ್ಕಳು. ಹಿಡಕಲ್ ಜಲಾಶಯದ ನೀರು ಹರಿದಲ್ಲೆಲ್ಲ ಕಬ್ಬೇ ಪ್ರಧಾನ ಬೆಳೆ. ಆದರೆ ಗೋಕಾಕದ ಹೆಸರನ್ನು ದೂರದೂರಿಗೆ ಒಯ್ದದ್ದು ಜಲಪಾತದ ಜೊತೆಗೆ ಕರದಂಟು. ಅದಕ್ಕೆ ಬೇಕಾದ ಬಾದಾಮಿ, ಗೋಡಂಬಿಗಳು ಹೊರಗಿನಿಂದ ಬರುತ್ತವೆ. ಹೆಸರು ಮಾತ್ರ ನಮ್ಮದು, ಏಕೆಂದರೆ ಕೈ ನಮ್ಮದು.

ದ್ರಾಕ್ಷಿಯ ಕಥೆ ಇದಕ್ಕೆ ತೀರ ವಿರುದ್ಧ. ನಮ್ಮ ನೆರೆಯ ಅಥಣಿಯ ತೆಲಸಂಗ ಸೀಮೆಯಲ್ಲಿಯೂ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಯೂ ರೈತರು ಏಪ್ರಿಲಿನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಬಳ್ಳಿಯನ್ನು ಸವರಿ, ಅಕಾಲ ಮಳೆಗೆ ಅಂಜುತ್ತ ಬೆಳೆಯನ್ನು ಕಾಯುತ್ತಾರೆ. ಬೇಸಗೆಯಲ್ಲಿ ಗೊಂಚಲುಗಳನ್ನು ದ್ರಾವಣದಲ್ಲಿ ಅದ್ದಿ, ನೆರಳಿನ ಜಾಲರಿಗಳ ಮೇಲೆ ಸುಮಾರು ಎರಡು ವಾರ ಒಣಗಿಸುತ್ತಾರೆ. ಆ ಒಣದ್ರಾಕ್ಷಿಯ ಬಹುಪಾಲು ಗಡಿಯಾಚೆಯ ತಾಸಗಾಂವ, ಸಾಂಗಲಿ ಪೇಟೆಗಳನ್ನು ಸೇರುತ್ತದೆ. ಸಾಂಗಲಿಯ ಒಣದ್ರಾಕ್ಷಿಗೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅಲ್ಲಿಯವರನ್ನು ದೂಷಿಸಲಾಗದು, ಅವರು ಒಗ್ಗೂಡಿ ಕೇಳಿದರು, ಪಡೆದರು. ಇಲ್ಲಿ ಹಣ್ಣು ನಮ್ಮದು, ಹೆಸರು ನಮ್ಮದಲ್ಲ.

ಫ್ರಾನ್ಸ್ ದೇಶದ ಶಾಂಪೇನ್ ಸೀಮೆಯ ಚರಿತ್ರೆಯು ಇಲ್ಲಿ ಬೋಧಪ್ರದ. 1715ರಲ್ಲಿ ನಿಧನರಾದ ಬೆನೆಡಿಕ್ಟಿನ್ ಸನ್ಯಾಸಿ ದೋಮ್ ಪೆರಿನ್ಯೋನ್ ಅವರು ಓವಿಲ್ಲೇರ್ ಮಠದ ಉಗ್ರಾಣವನ್ನು ನೋಡಿಕೊಳ್ಳುತ್ತ ಅಲ್ಲಿನ ರಸದ ಗುಣವನ್ನು ಹೆಚ್ಚಿಸಿದರು. ಆದರೆ ಹೆಸರನ್ನು ಕಾಪಾಡಿದವರು ಬಡ ಬೆಳೆಗಾರರು. ಕೆಲವು ವರ್ತಕರು ಹೊರಗಿನ ದ್ರಾಕ್ಷಿಯನ್ನು ತಂದು ಅದೇ ಹೆಸರಿನಲ್ಲಿ ಮಾರಿದಾಗ ಅವರು ಪ್ರತಿಭಟಿಸಿದರು. 1908ರಲ್ಲಿ ಸರಕಾರವು ಸೀಮೆಯ ಎಲ್ಲೆಯನ್ನು ಗೊತ್ತುಪಡಿಸಿತು. 1911ರಲ್ಲಿ ದಂಗೆಯೇ ನಡೆಯಿತು. ಹೆಸರೆಂಬುದು ಅಲಂಕಾರವಲ್ಲ, ಅನ್ನದ ಪ್ರಶ್ನೆ ಎಂಬುದಕ್ಕೆ ಇದು ಸಾಕ್ಷಿ.

ನಮ್ಮಲ್ಲಿಯೂ ದಾರಿಯುಂಟು. ಭಾರತದ ಭೌಗೋಳಿಕ ಸೂಚಕಗಳ ಕಾಯಿದೆಯು 1999ರಲ್ಲಿ ಅಂಗೀಕೃತವಾಯಿತು. ಬೆಂಗಳೂರು ನೀಲಿ ದ್ರಾಕ್ಷಿಯು ಅದರಡಿಯಲ್ಲಿ ನೋಂದಣಿಯಾಗಿದೆ. ಕರ್ನಾಟಕದ 2007ರ ದ್ರಾಕ್ಷಾರಸ ನೀತಿಯ ಕಾಲದಿಂದ ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಹೆಸರುಗಳು ಬಳಕೆಗೆ ಬಂದಿವೆ. ಘಟಪ್ರಭೆಯು ಕೃಷ್ಣೆಯನ್ನೇ ಸೇರುವುದರಿಂದ ಆ ಹೆಸರಿನಲ್ಲಿ ನಮಗೂ ಪಾಲುಂಟು. ಆದರೆ ಅದು ಕರದಂಟಿನಂತೆ ಜನರ ನಾಲಗೆಯ ಮೇಲೆ ಇನ್ನೂ ನೆಲಸಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕುಡಿತದಿಂದ ಬೀದಿಗೆ ಬಂದ ಮನೆಗಳಿಗೆ ನಾವು ಅನೇಕ ಸಲ ಭೇಟಿಯಿತ್ತಿದ್ದೇವೆ. ಆದುದರಿಂದ ಹೆಚ್ಚು ಕುಡಿಯಿರೆಂಬುದು ನಮ್ಮ ಮಾತಿನ ಅರ್ಥವಲ್ಲ. ಒಣಹಣ್ಣಾಗಲಿ, ರಸವಾಗಲಿ, ಬೆಳೆದವನ ಊರಿನ ಹೆಸರನ್ನು ಹೊತ್ತಿರಲಿ ಎಂಬುದಷ್ಟೇ ನಮ್ಮ ಆಶಯ. ಹೆಸರು ಪಡೆದ ಮೇಲೆ ಕಲಬೆರಕೆಗೆ ಎಡೆಯಿಲ್ಲ. ಒಬ್ಬನ ಮೋಸವು ಎಲ್ಲರ ಹೆಸರನ್ನೂ ಕೆಡಿಸುತ್ತದೆ.

ಅರಭಾವಿಯ ತೋಟಗಾರಿಕೆ ಕಾಲೇಜು ನಮ್ಮ ಹತ್ತಿರದಲ್ಲಿಯೇ ಇದೆ. ಬೆಳೆಗಾರರು ಸಂಘಟಿತರಾಗಿ ಅಲ್ಲಿನ ವಿದ್ಯೆಯನ್ನು ಬಳಸಿಕೊಳ್ಳಲಿ. ಒಂಟಿ ಬಳ್ಳಿ ನೆಲಕ್ಕೆ ಬೀಳುತ್ತದೆ. ಚಪ್ಪರಕ್ಕೆ ಹಬ್ಬಿದ ಬಳ್ಳಿಯೇ ಫಲ ಕೊಡುತ್ತದೆ.