ಪದವಿಯನ್ನು ಅವಧಿಗೆ ಮುನ್ನ ಪೂರ್ಣಗೊಳಿಸುವುದು: ವಿದ್ಯಾರ್ಥಿಗಳು ಹಾಗೂ ಪೋಷಕರ ಮಾಹಿತಿಗಾಗಿ

ಮೂರು ವರ್ಷಗಳ ಪದವಿ ವ್ಯಾಸಂಗವನ್ನು ಎರಡೂವರೆ ವರ್ಷಗಳಲ್ಲಿ ಮುಗಿಸಲು ನಿಯಮಗಳಲ್ಲಿ ಅವಕಾಶವುಂಟು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು (ಯುಜಿಸಿ) ತ್ವರಿತ ಪದವಿ ಮತ್ತು ವಿಸ್ತರಿತ ಪದವಿ ವ್ಯಾಸಂಗಗಳ ಕಾರ್ಯವಿಧಾನವನ್ನು 2024ರ ನವೆಂಬರ್ ತಿಂಗಳಿನಲ್ಲಿ ಅನುಮೋದಿಸಿತು. ಇದನ್ನು ಅಳವಡಿಸಿಕೊಳ್ಳುವುದು ಆಯಾ ಶಿಕ್ಷಣ ಸಂಸ್ಥೆಗೆ ಬಿಟ್ಟ ವಿಷಯ. ಆದ್ದರಿಂದ ತಾವು ವ್ಯಾಸಂಗ ಮಾಡುತ್ತಿರುವ ಸಂಸ್ಥೆಯಲ್ಲಿ ಈ ಸೌಲಭ್ಯವಿದೆಯೇ ಎಂಬುದನ್ನು ಮೊದಲು ಪ್ರಾಂಶುಪಾಲರಿಂದ ಖಚಿತಪಡಿಸಿಕೊಳ್ಳತಕ್ಕದ್ದು. ಕರ್ನಾಟಕದಲ್ಲಿ 2024-25ನೇ ಶೈಕ್ಷಣಿಕ ಸಾಲಿನಿಂದ ಮೂರು ವರ್ಷಗಳ ಪದವಿ ವ್ಯವಸ್ಥೆಯು ಮರಳಿ ಜಾರಿಗೆ ಬಂದಿದೆ.

ಅವಧಿ ಮತ್ತು ಆಯ್ಕೆ

ಸದರಿ ಕಾರ್ಯವಿಧಾನದಂತೆ ಮೂರು ವರ್ಷಗಳ ಪದವಿಯನ್ನು ಐದು ಸೆಮಿಸ್ಟರುಗಳಲ್ಲಿಯೂ, ನಾಲ್ಕು ವರ್ಷಗಳ ಪದವಿಯನ್ನು ಆರು ಅಥವಾ ಏಳು ಸೆಮಿಸ್ಟರುಗಳಲ್ಲಿಯೂ ಮುಗಿಸಬಹುದು. ಮೊದಲನೆಯ ಅಥವಾ ಎರಡನೆಯ ಸೆಮಿಸ್ಟರಿನ ಕೊನೆಯಲ್ಲಿ ಆಯ್ಕೆಯನ್ನು ತಿಳಿಸಬೇಕು, ಅನಂತರ ಅವಕಾಶವಿಲ್ಲ. ಸಂಸ್ಥೆಯು ತನ್ನ ಪ್ರವೇಶ ಸಂಖ್ಯೆಯ ಶೇ. 10ರವರೆಗೆ ಸ್ಥಾನಗಳನ್ನು ಇದಕ್ಕಾಗಿ ಮೀಸಲಿಡಬಹುದು. ಅರ್ಜಿಗಳನ್ನು ಸಮಿತಿಯೊಂದು ಪರಿಶೀಲಿಸುತ್ತದೆ.

ಅವಧಿ ಕಡಿಮೆಯಾದರೂ ಪಠ್ಯವಾಗಲಿ ಕ್ರೆಡಿಟ್ ಆಗಲಿ ಕಡಿಮೆಯಾಗುವುದಿಲ್ಲ. ಮೂರು ವರ್ಷಕ್ಕೆ 120 ಕ್ರೆಡಿಟ್, ಅಂದರೆ ಸೆಮಿಸ್ಟರಿಗೆ 20 ಎಂದು ಇಟ್ಟುಕೊಂಡರೆ, ಮೊದಲ ಸೆಮಿಸ್ಟರಿನ ನಂತರ ಸೇರಿದವರು ಉಳಿದ ನಾಲ್ಕರಲ್ಲಿ ತಲಾ 25 ಕ್ರೆಡಿಟ್ ಗಳಿಸಬೇಕು. ಎರಡನೆಯದರ ನಂತರ ಸೇರಿದವರಿಗೆ ಉಳಿಯುವುದು ಮೂರು ಸೆಮಿಸ್ಟರು, 80 ಕ್ರೆಡಿಟ್. ತಲಾ ಸುಮಾರು 27. ಬೋಧನೆಯ ಒಂದು ಕ್ರೆಡಿಟ್ಟಿಗೆ ವಾರಕ್ಕೆ ಒಂದು ಗಂಟೆಯ ತರಗತಿ, ಪ್ರಯೋಗಾಲಯದ ಕ್ರೆಡಿಟ್ಟಿಗೆ ಎರಡು ಗಂಟೆ. ವಿಜ್ಞಾನ ವಿದ್ಯಾರ್ಥಿಗಳಿಗೆ ಈ ಹೊರೆ ಹೆಚ್ಚು. ಬೆಸ ಸೆಮಿಸ್ಟರಿನ ಪತ್ರಿಕೆಯನ್ನು ಸಮ ಸೆಮಿಸ್ಟರಿನಲ್ಲಿ ಬೋಧಿಸಲು ಅಧ್ಯಾಪಕರ ಏರ್ಪಾಡು ಇದೆಯೇ ಎಂದು ವೇಳಾಪಟ್ಟಿಯನ್ನೇ ನೋಡಿ ತಿಳಿಯುವುದು ಒಳಿತು.

ಉಳಿಯುವ ಆರು ತಿಂಗಳು

ಅರ್ಜಿ ಸಲ್ಲಿಸುವ ಮುನ್ನ ಉಳಿಯುವ ಕಾಲವನ್ನು ಹೇಗೆ ಬಳಸುವುದೆಂಬುದನ್ನು ನಿರ್ಧರಿಸಿಕೊಳ್ಳಬೇಕು. ಐದನೆಯ ಸೆಮಿಸ್ಟರು ಸಾಮಾನ್ಯವಾಗಿ ವರ್ಷದ ಕೊನೆಗೆ ಮುಗಿಯುತ್ತದೆ. ಸ್ನಾತಕೋತ್ತರ ತರಗತಿಗಳು ಬಹುಮಟ್ಟಿಗೆ ವರ್ಷದ ನಡುವೆ ಆರಂಭವಾಗುತ್ತವೆ. ಉನ್ನತ ವ್ಯಾಸಂಗವೇ ಗುರಿಯಾದವರು ಅವಸರದಿಂದ ಮುಗಿಸಿ ಮನೆಯಲ್ಲಿ ಕಾಯಬೇಕಾದೀತು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಆ ವರ್ಷದ ಆಗಸ್ಟ್ 1ಕ್ಕೆ 21 ವರ್ಷ ತುಂಬಿರಬೇಕು. ಪದವಿ ಬೇಗ ಬಂದರೂ ವಯಸ್ಸು ಬೇಗ ಬರುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಕುಟುಂಬಕ್ಕೆ ದುಡಿಮೆಯ ಆಸರೆ ಕೂಡಲೇ ಬೇಕಾಗಿರುವ ವಿದ್ಯಾರ್ಥಿಗೆ ಒಂದು ಸೆಮಿಸ್ಟರಿನ ವಸತಿ, ಊಟ, ಪ್ರಯಾಣದ ವೆಚ್ಚ ಉಳಿಯುವುದೂ ವೇತನ ಅಷ್ಟು ಮುಂಚೆ ದೊರೆಯುವುದೂ ಸಣ್ಣ ಮಾತಲ್ಲ. ಅಂತಹವರು ಮನೆಗೆಲಸ ಅಥವಾ ಅರೆಕಾಲಿಕ ಉದ್ಯೋಗದ ನಡುವೆ ವಾರಕ್ಕೆ ಐದರಿಂದ ಏಳು ಗಂಟೆಗಳ ಹೆಚ್ಚುವರಿ ತರಗತಿ, ಅದಕ್ಕೆ ತಕ್ಕ ಓದು ಸಾಧ್ಯವೇ ಎಂದು ಲೆಕ್ಕ ಹಾಕಬೇಕು. ಅಂಕಗಳು ಕುಸಿದರೆ ಉಳಿದ ಆರು ತಿಂಗಳಿನ ಲಾಭಕ್ಕಿಂತ ನಷ್ಟವೇ ಹೆಚ್ಚಾಗಬಹುದು. ಗೆಳೆಯರು ಸೇರಿದರೆಂಬ ಕಾರಣಕ್ಕೆ ಸೇರುವವರೂ ಇಲ್ಲದಿಲ್ಲ. ಅದು ತಕ್ಕ ಕಾರಣವಲ್ಲ.

ವಿದ್ಯಾರ್ಥಿವೇತನ ಅಥವಾ ವಿದ್ಯಾರ್ಥಿನಿಲಯದ ಸೌಲಭ್ಯ ಪಡೆಯುತ್ತಿರುವವರು, ಅವಧಿ ಬದಲಾದಲ್ಲಿ ಅದರ ಮೇಲಾಗುವ ಪರಿಣಾಮವನ್ನು ಮಂಜೂರು ಮಾಡಿದ ಇಲಾಖೆಯಲ್ಲಿ ಮುಂಚಿತವಾಗಿ ವಿಚಾರಿಸತಕ್ಕದ್ದು.

ಪದವಿಯ ಮಾನ್ಯತೆ

ತ್ವರಿತ ಪದವಿಯು ಉದ್ಯೋಗಕ್ಕೂ ಉನ್ನತ ವ್ಯಾಸಂಗಕ್ಕೂ ಸಾಮಾನ್ಯ ಅವಧಿಯ ಪದವಿಗೆ ಸಮಾನವೆಂದು ಆಯೋಗವು ಸ್ಪಷ್ಟಪಡಿಸಿದೆ. ಕಡಿಮೆ ಅವಧಿಯಲ್ಲಿ ಮುಗಿಸಿದ ಬಗ್ಗೆ ಪದವಿ ಪತ್ರದಲ್ಲಿ ಟಿಪ್ಪಣಿ ಇರುತ್ತದೆ. ವೃತ್ತಿಪರ ವ್ಯಾಸಂಗಗಳ ವಿಷಯದಲ್ಲಿ ಆಯಾ ಪರಿಷತ್ತಿನ ನಿಯಮಗಳನ್ನು ಪ್ರತ್ಯೇಕವಾಗಿ ನೋಡಬೇಕು.